ಸವೆದ ಮೇಲೆ ಕಡಿಯುವುದು
ಇಂಗ್ಲಿಷಿನ ‘ಎರೋಡ್’ ಎಂಬ ಕ್ರಿಯಾಪದ ನದಿದಂಡೆಗೂ ಸಲ್ಲುತ್ತದೆ, ಜನರ ನಂಬಿಕೆಗೂ ಸಲ್ಲುತ್ತದೆ: ದಿನಕ್ಕಿಷ್ಟು ಎಂಬಂತೆ ಕಣ್ಣಿಗೆ ಬೀಳದೆ ಸವೆಯುವುದು. ಹೊಸಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ, ಅವರ ಊರ ಪಕ್ಕದ ತುಂಗಭದ್ರಾ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ, ಡ್ಯಾಂ ತುಂಬಿ ನಿಂತಿದ್ದಾಗಲೇ, 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಧುಮ್ಮಿಕ್ಕುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ, ವಾರದಲ್ಲಿ ನೀರು ತಡೆದದ್ದು ನಿಜಕ್ಕೂ ದೊಡ್ಡ ಸಾಹಸ. ಅಷ್ಟರಲ್ಲಿ ಎರಡನೇ ಬೆಳೆಯ ಭರವಸೆ ಹೊಳೆ ಪಾಲಾಗುವುದೇನೋ ಎಂದು ರೈತರ ಎದೆ ಹೊಡೆದುಕೊಂಡಿತ್ತು. ಸವೆತ ಕಡಿಯುವ ಮೊದಲೇ ಕಣ್ಣಿಗೆ ಬೀಳಬೇಕಾದರೆ ಗೇಟು, ಚೈನು, ಹೂಳು, ಮೂರರ ತಪಾಸಣಾ ವರದಿಯೂ ಪ್ರತಿ ಬೇಸಿಗೆ ಕನ್ನಡದಲ್ಲೇ ರೈತರ ಕೈ ಸೇರಲಿ.