ಪರಂಪರೆಯ ಹಾದಿಯೂ ಊರಿನ ಗೃಹಸ್ಥರೂ



30 ವರ್ಷಗಳಿಗೂ ಮಿಗಿಲಾಗಿ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಟ್ಟವನು ನಾನು. ಆ ಕಾಲದಲ್ಲಿ ಮಾಡಿದ ಒಂದು ತಪ್ಪನ್ನು ಈ ತಿಂಗಳು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ರಘುವಂಶದ ಸರ್ಗಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆ. ವೃತ್ತಗಳ ಲಕ್ಷಣವನ್ನು ಹಲಗೆಯ ಮೇಲೆ ಬರೆದು ಗಣಗಳನ್ನು ವಿಂಗಡಿಸಿ ತೋರಿಸಿದೆ. ಆದರೆ ಅರ್ಧ ದಿನದ ಪ್ರಯಾಣದಲ್ಲಿ ಕಣ್ಣಾರೆ ನೋಡಬಹುದಾಗಿದ್ದ ಒಂದು ಸಂಸ್ಕೃತ ಕಾವ್ಯದ ಬಳಿಗೆ ಅವರನ್ನು ಒಮ್ಮೆಯಾದರೂ ಕರೆದೊಯ್ಯಲಿಲ್ಲ. ನಿವೃತ್ತನಾದ ಮೇಲೆ, ಮೊಮ್ಮಗನ ಕೈ ಹಿಡಿದುಕೊಂಡು, ನಾನೇ ಮೊದಲ ಬಾರಿಗೆ ಅಲ್ಲಿಗೆ ಹೋದೆನು.

ಆ ಕಾವ್ಯವಿರುವುದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿನ ಶಿಲಾಸ್ತಂಭದ ಮೇಲೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಎಂದರೆ ಕ್ರಿ. ಶ. 5ನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿ ತಾನೇ ಶಿಲೆಯಲ್ಲಿ ಬರೆದ 34 ಶ್ಲೋಕಗಳವು. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಾಂಚಿಗೆ ಹೋದುದು, ಪಲ್ಲವರ ಅಶ್ವಾರೋಹಿಯೊಡನೆ ಕಲಹವಾದುದು, ಆತನು ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದುದು, ಇವೆಲ್ಲ ನಮಗೆ ತಿಳಿದಿರುವುದು ಈ ಕಂಬದಿಂದಲೇ. ಕಂಬಕ್ಕೆ ಎಂಟು ಮುಖಗಳು. ಅಕ್ಷರದ ಸಾಲುಗಳು ಬುಡದಿಂದ ಮೇಲಕ್ಕೆ ಏರುತ್ತವೆ. ಒಂದು ಮುಖ ಮುಗಿಯಿತೆಂದರೆ ಓದುವವನು ಮುಂದಿನದಕ್ಕೆ ಸರಿಯಬೇಕು. ಪ್ರದಕ್ಷಿಣೆ ಮಾಡದೆ ಈ ಕಾವ್ಯ ಮುಗಿಯುವಂತಿಲ್ಲ. ಹುಡುಗನು ಸುತ್ತಿ ಸುತ್ತಿ ನೋಡಿ, "ತಾತ, ಈ ಊರಿನವರು ಇದನ್ನು ಓದುತ್ತಾರೆಯೆ?" ಎಂದು ಕೇಳಿದನು. ನಾನು ಉತ್ತರ ಹೇಳಲಾರದೆ ಹೋದೆನು.

ಈಚೆಗೆ 'ಪರಂಪರೆಯ ಹಾದಿ' ಎಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಸಮೀಪದ ಸಣ್ಣ ಊರುಗಳ ಪುರಾತನ ಸ್ಥಳಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿ, ಬಂದವರು ಒಂದೆರಡು ದಿನಗಳಲ್ಲಿ ಕ್ರಮವಾಗಿ ನೋಡುವಂತೆ ಮಾಡುವುದೇ ಇದರ ತಾತ್ಪರ್ಯ. ಈ ಕಾರ್ಯಕ್ಕೆ ತಾಳಗುಂದದ ಸೀಮೆಗಿಂತ ತಕ್ಕ ಸೀಮೆಯನ್ನು ನಾನು ಕಾಣೆ. ಅನತಿದೂರದಲ್ಲಿಯೇ ಬಳ್ಳಿಗಾವೆ, ಅಲ್ಲಿ ಮೂರು ಗರ್ಭಗೃಹಗಳ ಕೇದಾರೇಶ್ವರ, ತ್ರಿಪುರಾಂತಕೇಶ್ವರ, 1047ರಲ್ಲಿ ನಿಂತ ಭೇರುಂಡ ಸ್ತಂಭ. ಅಲ್ಲಮಪ್ರಭುವಿನ ಊರೆಂದು ಪ್ರಸಿದ್ಧವಾದುದೂ ಅದೇ. ಅಕ್ಕಮಹಾದೇವಿಯ ಜನ್ಮಸ್ಥಳವೆನ್ನುವ ಉಡುತಡಿ, ಶಾಂತಿನಾಥ ಬಸದಿಯುಳ್ಳ ಬಂದಳಿಕೆ, ಇವೆರಡೂ ಇದೇ ತಾಲ್ಲೂಕಿನವು. ಜಿಲ್ಲೆಯ ಎಲ್ಲೆಯನ್ನು ದಾಟಿದರೆ ವರದಾ ನದಿಯ ತೀರದಲ್ಲಿ ಬನವಾಸಿಯ ಮಧುಕೇಶ್ವರ. ಹೀಗೆ ಹಾದಿಯನ್ನು ಪೂರ್ವಿಕರೇ ಸಿದ್ಧಪಡಿಸಿಟ್ಟಿದ್ದಾರೆ. ನಡೆಯುವವರೂ ನಡೆಸುವವರೂ ಬೇಕಾಗಿದ್ದಾರೆ.

ನಡೆಸುವವರು ಯಾರು? ಸರ್ಕಾರವು ಮಾರ್ಗವನ್ನು ಮಾಡೀತು, ಫಲಕವನ್ನು ನೆಟ್ಟೀತು. ಆದರೆ ಊರಿನ ಗೃಹಸ್ಥನ ಮನಸ್ಸು ಒಪ್ಪದಿದ್ದರೆ ಫಲಕದ ನೆರಳಿನಲ್ಲಿ ದನಗಳು ಮಲಗುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಇಂಥದೇ ಮತ್ತೊಂದು ಊರಿನಲ್ಲಿ, ಗುಡಿಯ ಮಗ್ಗುಲಲ್ಲಿ ಮನೆಯುಳ್ಳ ರೈತರೊಬ್ಬರು ನನಗೆ ನೀರು ಕೊಟ್ಟು ಹೇಳಿದರು: "ಕಲ್ಲಿಗೆ ಬೇಲಿ ಹಾಕಿದಾರೆ, ಮೇಷ್ಟ್ರೇ. ಮಗನ ಮದುವೆ ಆಯ್ತು, ಇನ್ನೊಂದು ಕೋಣೆ ಕಟ್ಟೋಣ ಅಂದ್ರೆ ಬಿಡೋದಿಲ್ಲ. ನೋಡೋಕೆ ಬಂದೋರು ನೋಡ್ಕೊಂಡು ಹೋಗ್ತಾರೆ. ನಮಗೇನು ಬಂತು?"

ಈ ಪ್ರಶ್ನೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು, 2010ರ ತಿದ್ದುಪಡಿಯಂತೆ, ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರುಗಳೊಳಗೆ ಹೊಸ ಕಟ್ಟಡವನ್ನು ನಿಷೇಧಿಸುತ್ತದೆ; ಅದರಾಚೆಯ 200 ಮೀಟರುಗಳಲ್ಲಿ ಕಟ್ಟಲು ಅನುಮತಿ ಬೇಕು; ಹಳೆಯ ಮನೆಯ ದುರಸ್ತಿಗೂ ಅಪ್ಪಣೆ ಪಡೆಯಬೇಕು. ಕಲ್ಲು ಉಳಿಯಬೇಕಾದರೆ ಇಂಥ ಕಟ್ಟು ಅವಶ್ಯವೇ ಸರಿ. ಆದರೆ ಆ ಕಟ್ಟಿನ ಭಾರವೆಲ್ಲ ಬಡ ಗೃಹಸ್ಥನ ಹೆಗಲಿಗೆ, ನೋಡುವ ಸಂತೋಷವೆಲ್ಲ ಪರಸ್ಥಳದವರಿಗೆ ಎಂದಾದರೆ, ಕಲ್ಲಿನ ಮೇಲೆ ಅವನಿಗೆ ಪ್ರೀತಿ ಹುಟ್ಟುವುದು ಹೇಗೆ?

ಇದಕ್ಕೆ ಸಮಾಧಾನವನ್ನು ಬಳ್ಳಿಗಾವೆಯ ಶಾಸನವೇ ಹೇಳುತ್ತದೆ. ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸಿದೆ. ನಾಲ್ಕು ವೇದಗಳು, ವ್ಯಾಕರಣ, ಷಡ್ದರ್ಶನ, ಕಾವ್ಯ ನಾಟಕಗಳು ಅಲ್ಲಿ ನಡೆಯುತ್ತಿದ್ದುವು. ಅಷ್ಟೇ ಅಲ್ಲ, ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು. ನಮ್ಮ ಹಿರಿಯರಿಗೆ ದೇವಾಲಯವೆಂಬುದು ಸುಮ್ಮನೆ ನೋಡಿ ಹೋಗುವ ವಸ್ತುವಾಗಿರಲಿಲ್ಲ, ಊರನ್ನು ಪೋಷಿಸುವ ಸಂಸ್ಥೆಯಾಗಿದ್ದಿತು. ಪರಂಪರೆಯ ಹಾದಿಯೂ ಹಾಗೆಯೇ ಊರನ್ನು ಪೋಷಿಸಬೇಕು. ಬಂದವರಿಗೆ ಊಟವನ್ನು ಪೇಟೆಯ ಹೋಟೆಲು ಹಾಕದೆ ಗುಡಿಯ ಮಗ್ಗುಲ ಮನೆಯವರು ಹಾಕಿ ಹಣ ಪಡೆಯಲಿ. ದಾರಿ ತೋರಿಸಿ ವಿವರ ಹೇಳುವ ಕೆಲಸಕ್ಕೆ ಅದೇ ಊರಿನ ಓದಿದ ಹುಡುಗನೋ ಹುಡುಗಿಯೋ ತರಬೇತಾಗಲಿ. ಶುದ್ಧವಾದ ನೀರು, ಹೆಂಗಸರಿಗೆ ಯೋಗ್ಯವಾದ ಶೌಚಗೃಹ, ಇವು ಮೊದಲು ಊರಿನವರಿಗಾಗಿ ಆಗಲಿ. ಆಗ ಬಂದವರಿಗೂ ಒದಗುತ್ತವೆ.

ಗೃಹಸ್ಥರಾದ ನಾವು ಮಾಡಬೇಕಾದುದೂ ಸ್ವಲ್ಪ ಉಂಟು. ನಮ್ಮ ನಮ್ಮ ಊರುಗಳಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಬಂಡೆಯಾಗಿದ್ದರೆ, ನಾಲ್ವರು ಸೇರಿ, ಬಲ್ಲವರನ್ನು ಕೇಳಿ, ಅದನ್ನು ಎತ್ತಿ ನಿಲ್ಲಿಸೋಣ. ಶಾಸನದ ಕಲ್ಲಿಗೆ ಎಣ್ಣೆ, ಸುಣ್ಣ, ಬಣ್ಣಗಳನ್ನು ಬಳಿಯದಿರೋಣ. ಭಕ್ತಿಯಿಂದ ಬಳಿದರೂ ಅಕ್ಷರ ಕೆಡುತ್ತದೆ. ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು 'ಎಪಿಗ್ರಾಫಿಯ ಕರ್ಣಾಟಿಕ'ದ 7ನೆಯ ಸಂಪುಟದಲ್ಲಿ 1902ರಲ್ಲಿಯೇ ಅಚ್ಚು ಮಾಡಿಸಿದರು. ಇತರ ಜಿಲ್ಲೆಗಳಿಗೂ ಸಂಪುಟಗಳುಂಟು. ನಿಮ್ಮ ಊರಿನ ಶಾಸನದ ಅರ್ಥವನ್ನು ತಿಳಿಗನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಶಾಲೆಯ ಗೋಡೆಗೆ ತೂಗುಹಾಕಿರಿ. ಮನೆಯ ಮಕ್ಕಳು ಅದನ್ನು ಕಲಿತರೆ ಹಾದಿಯ ಮೊದಲ ಮೈಲಿಕಲ್ಲು ನೆಟ್ಟಂತೆಯೇ.

ನನ್ನ ತಪ್ಪಿಗೆ ನಾನೂ ಪ್ರಾಯಶ್ಚಿತ್ತವನ್ನು ಆರಂಭಿಸಿದ್ದೇನೆ. ಕುಬ್ಜನ ಶ್ಲೋಕಗಳಿಗೆ ಮಕ್ಕಳಿಗೆ ತಿಳಿಯುವಂಥ ಕನ್ನಡದಲ್ಲಿ ಅರ್ಥವನ್ನು ಬರೆಯುತ್ತಿದ್ದೇನೆ, 11 ಮುಗಿದಿವೆ. ಮುಗಿಸಿದ ಮೇಲೆ ಆ ಪುಸ್ತಕವನ್ನು ಹಿಡಿದು ಮೊಮ್ಮಗನೊಡನೆ ಮತ್ತೆ ತಾಳಗುಂದಕ್ಕೆ ಹೋಗುವ ಸಂಕಲ್ಪವಿದೆ. ಊರಿನ ಮಕ್ಕಳು ಕಂಬವನ್ನು ಸುತ್ತುತ್ತ ಕಥೆ ಹೇಳುವಂತಾದರೆ, ಅವನ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಾರು.