*ಸೆರಾಮಿಕ್ ತವಾ ಮಣ್ಣಿನ ಹಂಚಲ್ಲ!*



"ನಾನ್‌ಸ್ಟಿಕ್ ಬಿಸಾಡಿ, ಸೆರಾಮಿಕ್ ತನ್ನಿ. ಅದು ಶುದ್ಧ ಮಣ್ಣು, ನೂರಕ್ಕೆ ನೂರು ನೈಸರ್ಗಿಕ." ಈ ಮಾತನ್ನು ಅಂಗಡಿಯಲ್ಲೂ ಕೇಳುತ್ತೇವೆ, ಗ್ರೂಪುಗಳಲ್ಲೂ ಓದುತ್ತೇವೆ. ನನ್ನ ಅಭಿಪ್ರಾಯದಲ್ಲಿ ಇದು ಅರ್ಧ ಸತ್ಯ.

*ಆ ಲೇಪ ಏನು?*
ಅದು ಕುಂಬಾರರು ಸುಟ್ಟ ಮಣ್ಣಲ್ಲ. ಸಿಲಿಕಾನ್ ಇರುವ ರಾಸಾಯನಿಕಕ್ಕೆ ನೀರು ಸೇರಿಸಿದಾಗ ಸಿಲಿಕಾದ ಅತಿ ಸೂಕ್ಷ್ಮ ಕಣಗಳು ತೇಲುವ ದ್ರವವಾಗುತ್ತದೆ. ಇದು 'ಸೋಲ್'. ಹಾಲು ಹೆಪ್ಪುಗಟ್ಟಿ ಮೊಸರಾದ ಹಾಗೆ ಆ ಕಣಗಳು ಕೂಡಿಕೊಂಡರೆ 'ಜೆಲ್'. ಈ ದ್ರವವನ್ನು ಅಲ್ಯುಮಿನಿಯಂ ತವಾದ ಮೇಲೆ ಸಿಂಪಡಿಸಿ ಕಾಯಿಸಿದರೆ ಗಾಜಿನಂಥ ತೆಳು ಪದರ ಸಿದ್ಧ.

ಬರೀ ಗಾಜಾದರೆ ದೋಸೆ ಅಂಟುತ್ತದೆ. ಅದಕ್ಕೇ ಸಿಲಿಕಾದ ಜೊತೆ ಮೀಥೈಲ್ ಎಂಬ 'ಸಾವಯವ' ಭಾಗವನ್ನೂ ಜೋಡಿಸಿರುತ್ತಾರೆ. ಇಲ್ಲಿ ಸಾವಯವ ಎಂದರೆ ಸಾವಯವ ಬೇಳೆಯ ಅರ್ಥವಲ್ಲ, ಇಂಗಾಲ ಇರುವ ರಾಸಾಯನಿಕ ಎಂದಷ್ಟೇ. ಹಾಗಾಗಿ ಇದು ಎರಡೂ ಬೆರೆತ ಮಿಶ್ರ ವಸ್ತು.

*ಒಳ್ಳೆಯದೇನು?*
ಇದರಲ್ಲಿ ಫ್ಲೋರಿನ್ ಇಲ್ಲ. ಟೆಫ್ಲಾನ್ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ. ಖಾಲಿ ತವಾ ಅತಿಯಾಗಿ ಕಾದರೆ ಬರುವ ಹೊಗೆಯಿಂದ ನಮಗೆ ಜ್ವರ ಬರಬಹುದು, ಪಂಜರದ ಗಿಳಿ ಸಾಯಬಹುದು. ಕಿಟಕಿ ಮುಚ್ಚಿದ ಸಣ್ಣ ಫ್ಲಾಟಿನಲ್ಲಿ ಈ ಎಚ್ಚರ ಬೇಕೇ ಬೇಕು.

*ಲೇಬಲ್ ಓದಿ*
'ಪಿಎಫ್‌ಒಎ ಮುಕ್ತ' ಎಂದರೆ ಟೆಫ್ಲಾನ್ ಮುಕ್ತ ಎಂದಲ್ಲ. ಪಿಎಫ್‌ಒಎ ಹಿಂದೆ ಟೆಫ್ಲಾನ್ ತಯಾರಿಕೆಗೆ ಬಳಸುತ್ತಿದ್ದ ರಾಸಾಯನಿಕ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

*ಕೊರತೆ ಏನು?*
ದೊಡ್ಡ ಉರಿ, ಸ್ಟೀಲ್ ಸೌಟು, ತಂತಿ ಬ್ರಷ್ ಇವುಗಳಿಂದ ಸೆರಾಮಿಕ್ ಲೇಪದ ನುಣುಪು ಬೇಗ ಹೋಗುತ್ತದೆ. ಸಾಮಾನ್ಯವಾಗಿ ಟೆಫ್ಲಾನ್‌ಗಿಂತಲೂ ಬೇಗ. ಆಮೇಲೆ ಮತ್ತೆ ಹೊಸದು, ಮತ್ತೆ ಖರ್ಚು. ಬಾಡಿಗೆ, ಫೀಸು ಕಟ್ಟಿ ಉಳಿದದ್ದರಲ್ಲಿ ಸಂಸಾರ ನಡೆಸುವವರಿಗೆ ಇದು ಸಣ್ಣ ಮಾತಲ್ಲ.

*ನಾನು ಹೇಳುವುದಿಷ್ಟು*
✅ ದೋಸೆ, ರೊಟ್ಟಿಗೆ ಕಬ್ಬಿಣದ ಕಾವಲಿಯೇ ಸರಿ. ಎಣ್ಣೆ ಸವರಿ ಪಳಗಿಸಿದರೆ ತಲೆಮಾರು ಬಾಳುತ್ತದೆ, ಅಡುಗೆಗೆ ಸ್ವಲ್ಪ ಕಬ್ಬಿಣಾಂಶವೂ ಸೇರುತ್ತದೆ. ಹುಳಿ ಪದಾರ್ಥ ಮಾತ್ರ ಅದರಲ್ಲಿ ಕುದಿಸಬೇಡಿ.
✅ ಸೆರಾಮಿಕ್ ಇದ್ದರೆ ಆಮ್ಲೆಟ್‌ಗೆ, ಪಲ್ಯಕ್ಕೆ ಬಳಸಿ. ಸಣ್ಣ ಉರಿ, ಮರದ ಸೌಟು ಇರಲಿ.
✅ ಯಾವ ನಾನ್‌ಸ್ಟಿಕ್ ಪಾತ್ರೆಯನ್ನೂ ಖಾಲಿ ಕಾಯಿಸಬೇಡಿ. ಲೇಪ ಎದ್ದಿದ್ದರೆ ಬದಲಿಸಿ.

ಸೆರಾಮಿಕ್ ವಿಷವೂ ಅಲ್ಲ, ಅಮೃತವೂ ಅಲ್ಲ. ನನ್ನ ಆಕ್ಷೇಪ ಇರುವುದು 'ಮಣ್ಣು' ಎಂದು ಹೇಳಿ ಮಾರುವುದಕ್ಕೆ. ಭಯಕ್ಕೆ ದುಡ್ಡು ಕೊಡಬೇಡಿ. ಊರಿಂದ ತಂದ ಹಳೆ ಕಾವಲಿ ಅಟ್ಟದ ಮೇಲಿದ್ದರೆ ಮೊದಲು ಅದನ್ನು ಇಳಿಸಿ.

ಉಪಯುಕ್ತ ಎನಿಸಿದರೆ ನಿಮ್ಮವರಿಗೂ ಕಳಿಸಿ. 🙏