ಡೈರಿಗೆ ಅವ್ವನ ಸಹಿ

ರಾತ್ರಿ ಒಂಬತ್ತೂವರೆ. ಮೂಡಲಪಾಳ್ಯದ ಒಂದು ವಠಾರ. (ಬೆಂಗಳೂರಿನ ಪಡುವಣಕ್ಕಿರುವ ನಮ್ಮ ಪಾಳ್ಯಕ್ಕೆ ಮೂಡಲ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟನೋ!) ಗಾರ್ಮೆಂಟ್ಸಿನಿಂದ ಬಂದ ತಾಯಿ ಮುದ್ದೆ ತೊಳಸುತ್ತಿದ್ದಾಳೆ. ಅಪ್ಪ ರಾತ್ರಿ ಪಾಳಿಗೆ ಹೊರಟಿದ್ದಾನೆ. ಹತ್ತಡಿ ಕೋಣೆಯಲ್ಲಿ ಒಲೆ, ಮಂಚ, ಟೀವಿ. ಉಳಿದ ಜಾಗದಲ್ಲಿ ಎರಡನೇ ಕ್ಲಾಸಿನ ಮಗು. "ಅವ್ವಾ, ಡೈರಿಗೆ ಸೈನು ಹಾಕು. ಇಲ್ದಿದ್ರೆ ಮಿಸ್ಸು ಹೊರಗೆ ನಿಲ್ಲಿಸ್ತಾರೆ." ಜೊತೆಗೊಂದು ಪ್ರಾಜೆಕ್ಟು: 'ನಮ್ಮ ಸಹಾಯಕರು'. ದರ್ಜಿ, ಪೌರಕಾರ್ಮಿಕ, ಗಾರೆಯವರ ಚಿತ್ರ ಅಂಟಿಸಿಕೊಂಡು ಹೋಗಬೇಕಂತೆ. ಹೊಲಿಯೋಳು ಎದುರಿಗೇ ನಿಂತವಳೆ! ಆದರೆ ಅವಳ ಚಿತ್ರವನ್ನು ದುಡ್ಡು ಕೊಟ್ಟು ಜೆರಾಕ್ಸ್ ಅಂಗಡಿಯಿಂದ ತರಬೇಕು.

ಗೆಳೆಯರೆ, ಇದಕ್ಕೆ ಹೋಂವರ್ಕ್ ಅನ್ನುತ್ತಾರೆ. ನಾವು ಇದನ್ನು ಮನೆತನದ ಪರೀಕ್ಷೆ ಅನ್ನುತ್ತೇವೆ. ಅಜ್ಜನ ಕಾಲದಿಂದ ಪುಸ್ತಕ ಇರುವ ಮನೆಯ ಮಗು ಈ ಪರೀಕ್ಷೆಯನ್ನು ಮಲಗಿಯೇ ಪಾಸು ಮಾಡುತ್ತದೆ. ಅಜ್ಜನನ್ನು ಶಾಲೆಯ ಜಗಲಿಗೂ ಹತ್ತಿಸದ ಮನೆಯ ಮಗು ಬೆಳಿಗ್ಗೆ ಕ್ಲಾಸಿನ ಹೊರಗೆ ನಿಲ್ಲುತ್ತದೆ. ಅಂಬೇಡ್ಕರರು ಗೋಣಿತಟ್ಟು ಹೊತ್ತುಕೊಂಡು ಹೋಗಿ ಕೂತಿದ್ದು ಕ್ಲಾಸಿನ ಒಳಗಾದರೂ ಹೌದು.

1882ರಲ್ಲೇ ಜೋತಿಬಾ ಫುಲೆ ಹಂಟರ್ ಆಯೋಗದ ಮುಂದೆ ಹೇಳಿದ್ದರು: ರೈತರ ಬೆವರಿನ ಕಂದಾಯ ಮೇಲುಜಾತಿಯವರ ಓದಿಗೆ ಹೋಗುತ್ತಿದೆ ಅಂತ. ಈಗ ಕಂದಾಯ ಸಾಲದು, ದುಡಿದು ಬಂದ ತಾಯಿಯ ರಾತ್ರಿಯೂ ಬೇಕು. ಅವಳಿಗೆ ಬರದಿದ್ದರೆ ಟ್ಯೂಷನ್ನಿಗೆ ಕಳಿಸಿ ಅನ್ನುತ್ತಾರೆ. ಅಂದರೆ ಕಲಿಸೋದಕ್ಕೆ ಎರಡು ಸಲ ದುಡ್ಡು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣಕ್ಕೆ ಕೈಹಾಕಿದ ಕೇಂದ್ರ ಸರ್ಕಾರವನ್ನು ಬೆಂಗಳೂರಿನ ರಸ್ತೆಗಳಲ್ಲಿ ನಿಂತು ಎರಡೇ ದಿನದಲ್ಲಿ ಬಗ್ಗಿಸಿದವರು ಇಂಥ ಹೆಣ್ಣುಮಕ್ಕಳೇ. ಅಂಥವಳು ಪೇರೆಂಟ್ಸ್ ಮೀಟಿಂಗಿನಲ್ಲಿ ಸೆರಗು ಮುದುಡಿಕೊಂಡು, "ನಂಗೆ ಓದಕ್ಕೆ ಬರಲ್ಲ ಮಿಸ್" ಅಂತ ಕಳ್ಳಿಯಂತೆ ನಿಲ್ಲಬೇಕೆ?

ಕಾನೂನೇನು ಕಮ್ಮಿಯಿಲ್ಲ. 2018ರಲ್ಲಿ ಮದ್ರಾಸ್ ಹೈಕೋರ್ಟು ಒಂದು, ಎರಡನೇ ಕ್ಲಾಸಿಗೆ ಹೋಂವರ್ಕ್ ಕೂಡದು ಅಂದಿತು. ಕೇಂದ್ರದ 2020ರ ಶಾಲಾಬ್ಯಾಗ್ ನೀತಿಯೂ ಅದನ್ನೇ ಹೇಳಿ, ಮೂರರಿಂದ ಐದನೇ ಕ್ಲಾಸಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಅಂತ ಗೆರೆ ಎಳೆಯಿತು. ವಾರಕ್ಕೆ, ದಿನಕ್ಕಲ್ಲ! ಮಗುವನ್ನು ಹೊಡೆಯುವುದು, ಹೀನಾಯಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ನಿಷಿದ್ಧ. ಕಾಗದದಲ್ಲಿ ಅಸ್ಪೃಶ್ಯತೆಯೂ ನಿಷಿದ್ಧವೇ ಬಿಡಿ.

"ಹೋಂವರ್ಕ್ ಕೊಡದಿದ್ರೆ ನಿಮ್ಮವರೇ ಬಂದು ಜಗಳ ಆಡ್ತಾರಲ್ರಯ್ಯಾ" ಅಂತಾರೆ ಮೇಷ್ಟ್ರುಗಳು. ಸುಳ್ಳಲ್ಲ. ನಾವೂ ಆಡಿದ್ದೇವೆ. ನೋಟ್‌ಬುಕ್ಕು ತುಂಬಿದರೆ ಮಗುವಿನ ತಲೆಯೂ ತುಂಬಿತು ಅಂತ ನಂಬಿದ್ದೇವೆ. ಅಕ್ಷರ ಕಾಣದವರಿಗೆ ಬರೆದ ಹಾಳೆಯೊಂದೇ ಸಾಕ್ಷಿ. ಆ ನಂಬಿಕೆಯನ್ನು ಒಡೆಯಬೇಕಾದವರು ನಾವು ನೀವು ಇಬ್ಬರೂ.

ಮೇಷ್ಟ್ರೆ, ನಿಮ್ಮ ಪಾಡೂ ನಮಗೆ ಗೊತ್ತು. ಎಲೆಕ್ಷನ್ನು ನಿಮ್ಮ ತಲೆಗೆ, ಮೊಟ್ಟೆ ಲೆಕ್ಕ ನಿಮ್ಮ ತಲೆಗೆ, 2025ರ ಜಾತಿ ಸಮೀಕ್ಷೆಯೂ ನಿಮ್ಮ ತಲೆಗೆ. ಆದರೆ ಆ ಸಮೀಕ್ಷೆಗೆ ಬಂದಾಗ ನಮ್ಮ ಮನೆಗಳನ್ನು ಕಣ್ಣಾರೆ ನೋಡಿದಿರಲ್ಲ! ಅಲ್ಲಿ ಮಗು ಎಲ್ಲಿ ಕೂತು ಬರೆಯಬೇಕು, ಹೇಳಿ.

ಬೇರೆ ದಾರಿ ಇಲ್ಲವೆನ್ನಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಮೇಷ್ಟ್ರುಗಳೇ ನಲಿ-ಕಲಿ ಕಟ್ಟಿದರು. ಕಾಡಂಚಿನ ತಾಲ್ಲೂಕು, ಓದು ಬಾರದ ಅಪ್ಪ ಅವ್ವಂದಿರು. ಅಂಥ ಕಡೆ ಮಗು ಕಾರ್ಡು ಹಿಡಿದು, ಹಾಡಿ, ಗೆಳೆಯರ ಜೊತೆ ಗುಂಪಿನಲ್ಲಿ ಕೂತು, ತನ್ನ ವೇಗದಲ್ಲಿ ಶಾಲೆಯ ಒಳಗೇ ಕಲಿಯುವ ಹಾಗೆ ಮಾಡಿದರು. ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಓದಿದ ಅವ್ವ ಬೇಕು ಅಂತ ಅದು ಕೇಳಲಿಲ್ಲ.

ನಾವು ಕೇಳುವುದು ಇಷ್ಟೇ. ಶಾಲೆಯ ಕೆಲಸ ಶಾಲೆಯಲ್ಲೇ ಮುಗಿಯಲಿ. ಮಕ್ಕಳು ಬರೆಯಲೇಬೇಕೆಂದಾದರೆ ಸಂಜೆ ಏಳರವರೆಗೆ ಒಂದು ಕೋಣೆ ತೆರೆದಿಡಿ, ದೀಪ ಹಾಕಿ, ಸಂಬಳ ಕೊಟ್ಟು ಒಬ್ಬರನ್ನು ಕೂರಿಸಿ. ಅಲ್ಲಿಯತನಕ ನಮ್ಮ ವಠಾರಗಳ ಮಕ್ಕಳ ಡೈರಿಗೆ ಸಹಿ ಬೀಳುವುದಿಲ್ಲ. ಸಹಿಯ ಜಾಗದಲ್ಲಿ ಒಂದು ಸಾಲಿರುತ್ತದೆ, ಅವ್ವಂದಿರು ಹೇಳಿದ್ದು, ನಾವು ಬರೆದದ್ದು: "ನಾನು ಇವತ್ತು ಹತ್ತು ಗಂಟೆ ಹೊಲಿದು ಬಂದಿದ್ದೀನಿ. ನೀವು ಇವನಿಗೆ ಏನು ಕಲಿಸಿದಿರಿ?"